ಕಿವಿಗೊಡುವುದೂ ಒಂದು ಆರಾಧನೆ

2024ರ ಸೆಪ್ಟೆಂಬರಿನಲ್ಲಿ ನಾವು ನಮ್ಮ ಉಮ್ಮನನ್ನು ಕರೆದುಕೊಂಡು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ನಗರಕ್ಕೆ ಹೋಗಿದ್ದೆವು. ನಮ್ಮ ತಂಗಿಯ ಸಂಸಾರ ಅಲ್ಲಿದೆ. ಮಗಳ ಮುಖ ನೋಡದೆ ನಾಲ್ಕು ವರ್ಷ ಕಳೆದಿದ್ದ ಉಮ್ಮನಿಗೆ ಮಗಳ ಅಡುಗೆಮನೆಯಾಚೆ ಬೇರೊಂದು ಅಮೆರಿಕ ಬೇಕಿರಲಿಲ್ಲ. ನಮಗೂ ಊರು ಸುತ್ತುವ ಆಸೆ ಹೆಚ್ಚೇನೂ ಇರಲಿಲ್ಲ. ಆದರೆ ತಂಗಿಯ ಗಂಡ ಒಂದು ರಾತ್ರಿ ಊಟದ ನಂತರ, “ಭಾವ, ಇಲ್ಲಿಂದ ಎರಡು ಮೂರು ಗಂಟೆಯ ದಾರಿಯಲ್ಲಿ ಮರುಭೂಮಿಯೊಳಗೆ ಆಕಾಶಕ್ಕೆ ಕಿವಿಗೊಟ್ಟು ಕುಳಿತಿರುವ ಯಂತ್ರಗಳಿವೆ. ನೀವು ಮಕ್ಕಳಿಗೆ ಪಾಠ ಹೇಳುವವರು, ನೋಡಲೇಬೇಕು” ಎಂದರು. ಹಾಗೆ ಆ ತಿಂಗಳ ಕೊನೆಯ ಶನಿವಾರ, ಉಮ್ಮನನ್ನು ತಂಗಿಯ ಬಳಿ ಬಿಟ್ಟು, ಭಾವ ಹಾಗೂ ಹತ್ತು ವರ್ಷದ ಅಳಿಯನೊಂದಿಗೆ ನಾವು ಹೊರಟೆವು.

ದಾರಿ ರಿಯೋ ಗ್ರಾಂಡೆ ನದಿಯ ಮಗ್ಗುಲಲ್ಲೇ ದಕ್ಷಿಣಕ್ಕೆ ಸಾಗಿ ಸೊಕೊರೋ ಎಂಬ ಪಟ್ಟಣವನ್ನು ಮುಟ್ಟುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಮ್ಯಾಗ್ಡಲೀನಾ ಎಂಬ ಚಿಕ್ಕ ಊರನ್ನು ದಾಟಿದ ಮೇಲೆ ಮನೆಗಳು ಕಾಣಿಸುವುದೇ ಅಪರೂಪ. ಕರಾವಳಿಯ ಮಳೆ, ತೋಟ, ತೋಡುಗಳ ನಡುವೆ ಹುಟ್ಟಿ ಬೆಳೆದ ನಮಗೆ ಆ ಒಣಭೂಮಿ ಮೊದಲಿಗೆ ಬರಡಾಗಿ ಕಂಡಿತು. ಕುರುಚಲು ಪೊದೆ, ಒಣ ಹುಲ್ಲು, ಅಲ್ಲಲ್ಲಿ ಮೇಯುವ ದನ, ಮುಗಿಯದ ಆಕಾಶ. ಸ್ವಲ್ಪ ಏರು ಹತ್ತಿ ಇಳಿಯುತ್ತಿದ್ದಂತೆ, ಸುತ್ತಲೂ ಬೆಟ್ಟಗಳು ಕಾವಲು ನಿಂತ ವಿಶಾಲ ಬಯಲೊಂದು ತೆರೆದುಕೊಂಡಿತು. ಅದರ ಹೆಸರು ಸ್ಯಾನ್ ಅಗಸ್ಟೀನ್ ಬಯಲು. ಹಿಮಯುಗದ ಕಾಲದಲ್ಲಿ ಇದು ಸರೋವರವಾಗಿತ್ತಂತೆ. ನೀರು ಬತ್ತಿ ಹೋದ ಮೇಲೆ ತಳ ಮಾತ್ರ ತಟ್ಟೆಯಂತೆ ಸಮತಟ್ಟಾಗಿ ಉಳಿದಿದೆ. ಸಮುದ್ರಮಟ್ಟದಿಂದ ಅದರ ಎತ್ತರ 2,100 ಮೀಟರಿಗೂ ಹೆಚ್ಚು. ಆ ಬಯಲಿನ ನಡುವೆ, ದೂರದಿಂದ ಬಿಳಿ ಹೂಗಳಂತೆ ಕಂಡದ್ದು, ಸಮೀಪಿಸಿದಂತೆಲ್ಲ ದೊಡ್ಡದಾಗುತ್ತ ಕೊನೆಗೆ ಕತ್ತೆತ್ತಿ ನೋಡಬೇಕಾದ ಬೃಹದಾಕಾರ ತಾಳಿತು. ಅದೇ ‘ವೆರಿ ಲಾರ್ಜ್ ಅರೇ’ ಎಂಬ ರೇಡಿಯೋ ದೂರದರ್ಶಕ.

ಒಳಗೆ ಹೋಗುವ ಮುನ್ನ ಸಂದರ್ಶಕರು ಪಾಲಿಸಬೇಕಾದ ಮೊದಲ ನಿಯಮ, ಮೊಬೈಲನ್ನು ಸುಮ್ಮನಾಗಿಸುವುದು. ಮಸೀದಿಯ ಬಾಗಿಲಿನಲ್ಲಿ ನಾವು ಬರೆದು ಅಂಟಿಸುವ ಸೂಚನೆಯೇ ಇಲ್ಲಿಯೂ ಇದೆಯಲ್ಲ ಎಂದು ನಮಗೆ ನಗು ಬಂತು. ಆದರೆ ಕಾರಣ ತಿಳಿದಾಗ ನಗು ನಿಂತಿತು. ಚಂದ್ರನ ಮೇಲೆ ಒಂದೇ ಒಂದು ಸಾಮಾನ್ಯ ಮೊಬೈಲನ್ನು ಇಟ್ಟು ಚಾಲೂ ಮಾಡಿದರೆ, ಈ ಯಂತ್ರಗಳ ಪಾಲಿಗೆ ಅದು ಇಡೀ ಆಕಾಶದ ಅತಿ ಪ್ರಬಲ ರೇಡಿಯೋ ಮೂಲಗಳಲ್ಲಿ ಒಂದಾಗಿಬಿಡುತ್ತದೆ. ನಕ್ಷತ್ರಲೋಕಗಳಿಂದ ಬರುವ ಅಲೆಗಳು ಅಷ್ಟು ಕ್ಷೀಣ. ಅಂಥದ್ದರಲ್ಲಿ ಅಂಗಳದಲ್ಲಿ ನಿಂತವನ ಜೇಬಿನ ಮೊಬೈಲು ಕಿವಿಯ ಪಕ್ಕದಲ್ಲೇ ಡೋಲು ಬಡಿದಂತೆ. ನಗರಗಳ ರೇಡಿಯೋ ಗದ್ದಲವನ್ನು ಸುತ್ತಲಿನ ಬೆಟ್ಟಗಳು ತಡೆಯುತ್ತವೆ; ಗಾಳಿಯ ತೇವಾಂಶದಿಂದ ಅಲೆಗಳಿಗೆ ಒದಗುವ ಅಡಚಣೆಯೂ ಈ ಒಣ ಎತ್ತರದಲ್ಲಿ ಕಡಿಮೆ. ಬರಡೆಂದು ನಾವು ಕಂಡ ನೆಲವನ್ನು ವಿಜ್ಞಾನಿಗಳು ಹುಡುಕಿ ಆರಿಸಿಕೊಂಡದ್ದು ಇದಕ್ಕಾಗಿ.

ಇಲ್ಲಿ ಏಕಕಾಲಕ್ಕೆ ಕೆಲಸ ಮಾಡುವ ಡಿಶ್ ಆಂಟೆನಾಗಳು 27. ದುರಸ್ತಿಗೆ ಹೋದದ್ದರ ಬದಲಿಗೆ ಇನ್ನೊಂದು. ಪ್ರತಿಯೊಂದರ ಅಗಲ 25 ಮೀಟರ್, ತೂಕ ಸುಮಾರು 230 ಟನ್. ಇವುಗಳನ್ನು ಇಂಗ್ಲಿಷಿನ ‘ವೈ’ ಅಕ್ಷರದ ಆಕಾರದಲ್ಲಿ ಮೂರು ಸಾಲಾಗಿ ನಿಲ್ಲಿಸಿದ್ದಾರೆ. ಒಂದೊಂದು ಸಾಲಿನ ಉದ್ದ 21 ಕಿಲೋಮೀಟರ್. ರೈಲು ಹಳಿಗಳ ಮೇಲೆ ವಿಶೇಷ ವಾಹನದಲ್ಲಿ ಹೊತ್ತು, ಕೆಲವು ತಿಂಗಳಿಗೊಮ್ಮೆ ಅವುಗಳನ್ನು ಹತ್ತಿರಕ್ಕೋ ದೂರಕ್ಕೋ ಸರಿಸುತ್ತಾರೆ. 1970ರ ದಶಕದಲ್ಲಿ ಕಟ್ಟಿ 1980ರಲ್ಲಿ ಲೋಕಾರ್ಪಣೆ ಮಾಡಿದ ಈ ಯಂತ್ರಸಮೂಹ ಬುಧ ಗ್ರಹದ ಧ್ರುವದಲ್ಲಿ ಮಂಜುಗಡ್ಡೆ ಇರುವುದರ ಸುಳಿವನ್ನು 1991ರಲ್ಲಿ ಹಿಡಿಯಿತು. ಅದಕ್ಕೂ ಎರಡು ವರ್ಷ ಮೊದಲು ನೆಪ್ಚೂನ್ ಗ್ರಹದ ಬಳಿ ಹಾದುಹೋಗುತ್ತಿದ್ದ ವಾಯೇಜರ್ ನೌಕೆಯ ಕ್ಷೀಣ ಸಂದೇಶವನ್ನು ಸ್ವೀಕರಿಸಲು ನೆರವಾಯಿತು.

ನಾವು ನಿಂತು ನೋಡುತ್ತಿದ್ದಾಗಲೇ ಮೋಟಾರಿನ ಸಣ್ಣ ಸದ್ದಿನೊಂದಿಗೆ ನಮ್ಮ ಮುಂದಿನ ಡಿಶ್ ನಿಧಾನವಾಗಿ ತಿರುಗತೊಡಗಿತು. ಅದರಾಚೆಯದೂ ತಿರುಗಿತು, ಅದರಾಚೆಯದೂ. ಕಣ್ಣು ಹರಿಯುವಷ್ಟು ದೂರದವರೆಗೆ ಎಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿ ನಿಂತವು. ಅಳಿಯ, “ಮಾಮ, ಸಫ್ ಸರಿಮಾಡಿಕೊಂಡ ಹಾಗೆ!” ಎಂದ. ಆ ಮಾತು ನಮಗೆ ಹಿಡಿಸಿತು. ಒಂದೊಂದು ಡಿಶ್ ತನ್ನಷ್ಟಕ್ಕೆ ತಾನೇ ಕೇಳಿಸಿಕೊಂಡರೆ ಚಿತ್ರ ಮಸುಕು. 27 ಡಿಶ್‌ಗಳು ಸೇರಿದರೆ 351 ಜೋಡಿಗಳಾಗುತ್ತವೆ. ಒಂದೊಂದು ಜೋಡಿಯೂ ಕೇಳಿದ್ದನ್ನು ಗಣಕಯಂತ್ರ ಹೋಲಿಸಿ ಕೂಡಿಸಿದಾಗ, ಹತ್ತಾರು ಕಿಲೋಮೀಟರ್ ಅಗಲದ ಒಂದೇ ದೂರದರ್ಶಕ ನೋಡಿದಷ್ಟು ಸೂಕ್ಷ್ಮವಾದ ಚಿತ್ರ ಸಿಗುತ್ತದೆ. ಜಮಾಅತ್ತಿನ ಮಹತ್ವವನ್ನು ಇಷ್ಟು ವರ್ಷ ಬಾಯಲ್ಲಿ ಹೇಳಿದ್ದೆವು. ಅಂದು ಕಣ್ಣಾರೆ ಕಂಡಂತಾಯಿತು.

ಅಲ್ಲಿನ ಮಾರ್ಗದರ್ಶಕರು ನಮ್ಮ ಒಂದು ತಪ್ಪು ತಿಳಿವಳಿಕೆಯನ್ನೂ ತಿದ್ದಿದರು. ಇಲ್ಲಿ ಯಾರೂ ಕಿವಿಗೆ ಉಪಕರಣ ಹಚ್ಚಿಕೊಂಡು ಆಕಾಶದ ಸದ್ದು ಕೇಳುತ್ತ ಕೂರುವುದಿಲ್ಲ. ರೇಡಿಯೋ ಅಲೆ ಶಬ್ದವಲ್ಲ. ಅದೂ ಬೆಳಕಿನ ಬಳಗದ್ದೇ, ನಮ್ಮ ಕಣ್ಣಿಗೆ ಕಾಣದ ಬೆಳಕು. ಹಾಗಾದರೆ ‘ಕೇಳುವುದು’ ಎನ್ನುವುದು ಬರಿಯ ಉಪಮೆ. ಆದರೂ ಅವರು ಹೇಳಿದ ಮುಂದಿನ ಕಥೆಯನ್ನು ಕೇಳಿದ ಮೇಲೆ, ಆ ಉಪಮೆಯನ್ನು ಬಿಡಲು ನಮಗೆ ಮನಸ್ಸಾಗಲಿಲ್ಲ.

ಈ ದೂರದರ್ಶಕಕ್ಕೆ 2012ರಲ್ಲಿ ಕಾರ್ಲ್ ಜಾನ್‌ಸ್ಕಿ ಎಂಬವರ ಹೆಸರನ್ನಿಟ್ಟರು. ಅವರು ಖಗೋಳ ವಿಜ್ಞಾನಿಯಲ್ಲ, ದೂರವಾಣಿ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿದ್ದ ತರುಣ ಎಂಜಿನಿಯರ್. ಅಟ್ಲಾಂಟಿಕ್ ಸಾಗರದ ಆಚೆಗೆ ರೇಡಿಯೋ ಮೂಲಕ ಮಾತನಾಡುವಾಗ ನಡುವೆ ಬರುತ್ತಿದ್ದ ಗದ್ದಲದ ಮೂಲವನ್ನು ಪತ್ತೆಹಚ್ಚುವುದು ಅವರಿಗೆ ಒಪ್ಪಿಸಿದ್ದ ಕೆಲಸ. ನ್ಯೂಜೆರ್ಸಿಯ ಹೊಲದಲ್ಲಿ, ಹಳೆಯ ಫೋರ್ಡ್ ಕಾರಿನ ಚಕ್ರಗಳ ಮೇಲೆ ತಿರುಗುವ ಆಂಟೆನಾ ಒಂದನ್ನು ಕಟ್ಟಿ 1931ರಿಂದ ಅವರು ಆಲಿಸತೊಡಗಿದರು. ಸಿಕ್ಕಿದ್ದು ಮೂರು ಬಗೆಯ ಸದ್ದು. ಒಂದು ಹತ್ತಿರದ ಗುಡುಗು ಮಿಂಚಿನದು. ಇನ್ನೊಂದು ದೂರದ ಗುಡುಗು ಮಿಂಚಿನದು. ಮೂರನೆಯದು ಎಲ್ಲಿಂದ ಬರುತ್ತದೆಂದು ತಿಳಿಯದ, ಸಣ್ಣಗೆ ಸುಯ್ಗುಡುವ ಸದ್ದು.

ಮೂಲ ತಿಳಿಯದ ಗದ್ದಲವೆಂದು ಬರೆದು ಕಡತ ಮುಚ್ಚಿದ್ದರೆ ಅವರನ್ನು ಯಾರೂ ದೂರುತ್ತಿರಲಿಲ್ಲ. ಆದರೆ ಅವರು ತಿಂಗಳುಗಟ್ಟಲೆ ಅದಕ್ಕೆ ಕಿವಿಗೊಟ್ಟರು. ಮೊದಲಿಗೆ ಅದು ಸೂರ್ಯನದ್ದೆಂದು ತೋರಿತು. ಆದರೆ ಆ ಸದ್ದು ಮರಳಿ ಬರುತ್ತಿದ್ದದ್ದು 24 ಗಂಟೆಗೊಮ್ಮೆ ಅಲ್ಲ, 23 ಗಂಟೆ 56 ನಿಮಿಷಕ್ಕೊಮ್ಮೆ. ಆ ನಾಲ್ಕು ನಿಮಿಷದ ವ್ಯತ್ಯಾಸದಲ್ಲೇ ಇಡೀ ರಹಸ್ಯವಿತ್ತು. ಸೂರ್ಯನಿಗೆ ಸಂಬಂಧಿಸಿದ ದಿನ 24 ಗಂಟೆಯದು. ನಕ್ಷತ್ರಗಳಿಗೆ ಸಂಬಂಧಿಸಿದ ದಿನ 23 ಗಂಟೆ 56 ನಿಮಿಷದ್ದು. ಆ ಸದ್ದು ಸೌರಮಂಡಲದ ಆಚೆಯದು, ಧನು ರಾಶಿಯ ದಿಕ್ಕಿನಿಂದ, ನಮ್ಮ ಕ್ಷೀರಪಥದ ನಡುಭಾಗದಿಂದ ಬರುತ್ತಿದೆ ಎಂದು 1933ರಲ್ಲಿ ಅವರು ಪ್ರಕಟಿಸಿದರು. ಸುಮಾರು 26,000 ವರ್ಷಗಳ ಹಿಂದೆ ಅಲ್ಲಿಂದ ಹೊರಟ ಅಲೆಗಳು, ಕೇಳಿಸಿಕೊಳ್ಳಲು ಒಬ್ಬ ಮನುಷ್ಯ ಸಿದ್ಧನಾಗಿದ್ದಾಗ, ಅವನ ಹೊಲಕ್ಕೆ ಬಂದು ತಲುಪಿದ್ದವು. ಸಂಸ್ಥೆ ಅವರಿಗೆ ಬೇರೆ ಕೆಲಸ ವಹಿಸಿತು. ಆ ಹುಡುಕಾಟವನ್ನು ಮುಂದುವರಿಸುವ ಅವಕಾಶ ಅವರಿಗೆ ಸಿಗಲಿಲ್ಲ. 1950ರಲ್ಲಿ, ತಮ್ಮ 44ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಈ ಕಥೆಯನ್ನು ಕೇಳಿ ಹೊರಗೆ ಬಂದಾಗ ಅಳಿಯ ನಮ್ಮ ಅಂಗಿಯ ತೋಳು ಹಿಡಿದೆಳೆದು, “ಮಾಮ, ಆಕಾಶ ಏಳು ಅಲ್ವಾ? ಇದಕ್ಕೆ ಎಷ್ಟನೆಯ ಆಕಾಶದವರೆಗೆ ಕಾಣುತ್ತದೆ?” ಎಂದು ಕೇಳಿದ.

ನಾವು ನಿಂತಲ್ಲೇ ನಿಂತೆವು. ಆ ಪ್ರಶ್ನೆಯನ್ನು ನಾವು ಮೊದಲೂ ಕೇಳಿದ್ದೆವು. ಕೇಳಿದ್ದೆವು ಎನ್ನುವುದು ತಪ್ಪು. ಅದು ನಮ್ಮ ಕಿವಿಗೆ ಬಿದ್ದಿತ್ತು.

2014ರ ಸೆಪ್ಟೆಂಬರ್ 24ರಂದು ಭಾರತದ ಮಂಗಳಯಾನ ನೌಕೆ ಮಂಗಳನ ಕಕ್ಷೆಯನ್ನು ಸೇರಿದ ಸಂಗತಿ ಓದುಗರಿಗೆ ನೆನಪಿರಬಹುದು. ಮರುದಿನ ಬೆಳಿಗ್ಗೆ ನಮ್ಮ ಮದರಸದ ತರಗತಿಯಲ್ಲಿ ಮಿಅರಾಜಿನ ಪಾಠವಿತ್ತು. ಪ್ರವಾದಿ(ಸ)ರು ಏಳು ಆಕಾಶಗಳನ್ನು ದಾಟಿ ಹೋದ ಆ ಪುಣ್ಯರಾತ್ರಿಯ ವಿವರವನ್ನು ನಾವು ಉತ್ಸಾಹದಿಂದ ಹೇಳುತ್ತಿದ್ದೆವು. ಕೊನೆಯ ಬೆಂಚಿನ ಹತ್ತು ವರ್ಷದ ಹುಡುಗನೊಬ್ಬ ಎದ್ದು ನಿಂತು, “ಉಸ್ತಾದ್, ನಿನ್ನೆಯ ರಾಕೆಟ್ ಎಷ್ಟನೆಯ ಆಕಾಶದವರೆಗೆ ಹೋಗಿದೆ?” ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ಶಾಲೆಯ ಬಸ್ಸಿನ ಹೊತ್ತು ಹತ್ತಿರವಾಗಿತ್ತು, ಪಾಠ ಇನ್ನೂ ಉಳಿದಿತ್ತು. ನಮಗೆ ಸಿಟ್ಟು ಬಂತು. ಅದಕ್ಕಿಂತಲೂ ನಿಜವಾದ ಮಾತೆಂದರೆ, ಉತ್ತರ ನಮಗೆ ತಿಳಿದಿರಲಿಲ್ಲ. ತಿಳಿಯದೆಂದು ಮಕ್ಕಳ ಮುಂದೆ ಒಪ್ಪಿಕೊಳ್ಳಲು ನಮ್ಮ ಪೇಟ ಬಿಡಲಿಲ್ಲ. “ದೀನಿನ ವಿಷಯದಲ್ಲಿ ಕುಚೋದ್ಯ ಮಾಡಬಾರದು. ಇದು ಶೈತಾನನು ಬಾಯಿಗೆ ಹಾಕುವ ಪ್ರಶ್ನೆ. ಕೂತ್ಕೋ” ಎಂದೆವು. ಹುಡುಗ ಕುಳಿತ.

ಆ ಮೇಲೆ ಅವನು ಪ್ರಶ್ನೆ ಕೇಳಲಿಲ್ಲ. ಪಾಠ ಒಪ್ಪಿಸಿದ, ಪರೀಕ್ಷೆ ಬರೆದ, ತಕರಾರಿಲ್ಲದೆ ಇದ್ದ. ಹುಡುಗ ತಿದ್ದಿಕೊಂಡನೆಂದು ನಾವು ಸಮಾಧಾನಪಟ್ಟೆವು. ಐದನೆಯ ತರಗತಿ ಮುಗಿದ ಮೇಲೆ ಅವನು ಮದರಸಕ್ಕೆ ಬರುವುದನ್ನು ನಿಲ್ಲಿಸಿದ. ಮುಂದೆ ಮಸೀದಿಯಲ್ಲೂ ಕಾಣುವುದು ಕಡಿಮೆಯಾಯಿತು. ಕಾಲ ಕೆಟ್ಟಿದೆ, ಮಕ್ಕಳು ಹಾದಿ ತಪ್ಪುತ್ತಿದ್ದಾರೆ, ತಂದೆತಾಯಿ ಗಮನ ಕೊಡುತ್ತಿಲ್ಲ ಎಂದು ನಾವು ಭಾಷಣಗಳಲ್ಲಿ ಹೇಳುತ್ತ ಬಂದೆವು. ಆ ಪಟ್ಟಿಯಲ್ಲಿ ನಮ್ಮ ಹೆಸರನ್ನು ಎಂದೂ ಸೇರಿಸಲಿಲ್ಲ.

ದೂರವಾಣಿ ಸಂಸ್ಥೆಯ ಒಬ್ಬ ಎಂಜಿನಿಯರ್ ಗದ್ದಲದೊಳಗೆ ಸಂದೇಶವಿದೆಯೇ ಎಂದು ತಿಂಗಳುಗಟ್ಟಲೆ ಕಿವಿಗೊಟ್ಟ. ದೀನ್ ಕಲಿಸುವವರೆಂದು ಹೇಳಿಕೊಳ್ಳುವ ನಾವು ಒಂದು ಮಗುವಿನ ಪ್ರಶ್ನೆಗೆ ಒಂದು ನಿಮಿಷವನ್ನೂ ಕೊಡದೆ ಅದನ್ನು ಗದ್ದಲದ ಲೆಕ್ಕಕ್ಕೆ ಸೇರಿಸಿದೆವು.

ಅಳಿಯ ಇನ್ನೂ ಕಾಯುತ್ತಿದ್ದ. “ನಮಗೆ ಗೊತ್ತಿಲ್ಲ ಮಗಾ. ಊರಿಗೆ ಹೋಗಿ ಕಿತಾಬು ನೋಡಿ ಹೇಳುತ್ತೇವೆ” ಎಂದೆವು. ಅವನಿಗೆ ಆಶ್ಚರ್ಯವಾಗಲಿ ನಿರಾಶೆಯಾಗಲಿ ಆಗಲಿಲ್ಲ. “ಸರಿ” ಎಂದು ಮುಂದಿನ ವಸ್ತುವಿನ ಕಡೆಗೆ ಓಡಿದ. ‘ಗೊತ್ತಿಲ್ಲ’ ಎಂಬ ಒಂದು ಮಾತು ಇಷ್ಟು ಹಗುರವೇ ಎಂದು ನಮಗೆ ಅನಿಸಿತು.

ಅವನು ಓಡಿದ್ದು ಎದುರುಬದುರಾಗಿ ನಿಲ್ಲಿಸಿದ್ದ ಎರಡು ಸಣ್ಣ ಡಿಶ್‌ಗಳ ಕಡೆಗೆ. ಒಂದರ ಬಳಿ ನಿಂತು ಪಿಸುಗುಟ್ಟಿದರೆ ದೂರದ ಇನ್ನೊಂದರ ಬಳಿ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಬಾಗಿದ ತಟ್ಟೆ ಚದುರಿಹೋಗುವ ದನಿಯನ್ನು ಒಟ್ಟುಗೂಡಿಸಿ ಒಂದು ಬಿಂದುವಿಗೆ ತರುತ್ತದೆ. ನಾವು ಆ ಬಿಂದುವಿಗೆ ಕಿವಿ ಹಿಡಿದೆವು. ಏನಾದರೂ ಗಹನವಾದದ್ದನ್ನು ಹೇಳುತ್ತಾನೆಂದು ಕಾದರೆ, “ಮಾಮ, ಹಸಿವಾಗ್ತಿದೆ” ಎಂಬ ಪಿಸುಮಾತು ಬಂತು. ಎಲ್ಲರೂ ನಕ್ಕೆವು. ಆದರೆ ಬೆಳಿಗ್ಗೆಯಿಂದ ಕಾರಿನಲ್ಲಿ ದೊಡ್ಡವರ ಮಾತು ಬಿಡುವಿಲ್ಲದೆ ನಡೆದಿತ್ತು, ಮಗುವಿಗೆ ಹಸಿದಿದೆಯೇ ಎಂದು ಯಾರೂ ಕೇಳಿರಲಿಲ್ಲ.

ಬುತ್ತಿ ಬಿಚ್ಚಿ ಉಂಡು, ಬಾಟಲಿಯ ನೀರಿನಲ್ಲಿ ವುಝೂ ಮಾಡಿ, ಮೂವರೂ ಬಯಲಿನ ಅಂಚಿನಲ್ಲಿ ಝುಹರ್ ನಮಾಝಿಗೆ ನಿಂತೆವು. ಊರಿನಲ್ಲಿ ನಮ್ಮ ಕಿಬ್ಲಾ ಪಡುವಣ ಕಡಲಿನ ಕಡೆಗೆ. ಇಲ್ಲಿ ಈಶಾನ್ಯಕ್ಕೆ ಮುಖಮಾಡಬೇಕು. ಭೂಮಿ ಗುಂಡಗಿರುವುದರಿಂದ ಮಕ್ಕಾದ ಹತ್ತಿರದ ದಾರಿ ಆ ದಿಕ್ಕಿನದು. ಹತ್ತಿರದಲ್ಲೇ, ಹಳೆಯ ರೇಡಿಯೋ ದೂರದರ್ಶಕವೊಂದರ ಕಾಂಕ್ರೀಟ್ ಕಂಬಗಳನ್ನು ಬಳಸಿ ಕಟ್ಟಿದ ನೆರಳು ಗಡಿಯಾರವಿತ್ತು. ನೆರಳು ನೋಡಿ ಹೊತ್ತು ತಿಳಿಯುವ ವಿದ್ಯೆ ನಮ್ಮ ಮಸೀದಿಗಳಿಗೆ ಹೊಸದಲ್ಲ. 14ನೆಯ ಶತಮಾನದಲ್ಲಿ ದಮಾಸ್ಕಸ್ಸಿನ ಉಮಯ್ಯದ್ ಮಸೀದಿಗೆ ನಮಾಝಿನ ಹೊತ್ತು ಗೊತ್ತುಮಾಡುತ್ತಿದ್ದ ಇಬ್ನುಶ್ಶಾತಿರ್ ದೊಡ್ಡ ಖಗೋಳ ವಿದ್ವಾಂಸರು. ಮಸೀದಿಯ ಮಿನಾರಕ್ಕೆ ಅವರು ನೆರಳು ಗಡಿಯಾರ ಕಟ್ಟಿದ್ದರು.

ನಮಾಝಿನಲ್ಲಿ ರುಕೂಇನಿಂದ ಎದ್ದು ಹೇಳುವ ಮಾತು, ಸ್ತುತಿಸಿದವನ ದನಿಯನ್ನು ಅಲ್ಲಾಹನು ಆಲಿಸಿದನು ಎಂಬುದು. ದಿನಕ್ಕೆ ಹತ್ತಾರು ಬಾರಿ ನಾವು ಅದನ್ನು ಹೇಳುತ್ತೇವೆ. ಅಲ್ಲಾಹನು ಎಲ್ಲವನ್ನೂ ಆಲಿಸುವವನು. ಅವನ ಆ ಗುಣವನ್ನು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಸ್ಮರಿಸುತ್ತದೆ. ಮನುಷ್ಯನಿಗೆ ಕೊಟ್ಟ ಅನುಗ್ರಹಗಳನ್ನು ಎಣಿಸುವಾಗಲೂ ಹೆಚ್ಚಿನ ಕಡೆ ದೃಷ್ಟಿಗಿಂತ ಮೊದಲು ಶ್ರವಣವನ್ನು ಹೆಸರಿಸುತ್ತದೆ. ಆಲಿಸುವವನ ದಾಸರಾದ ನಾವು ಆಲಿಸಲು ಕಲಿಯದಿದ್ದರೆ ಹೇಗೆ?

ಸಂಜೆ ಮ್ಯಾಗ್ಡಲೀನಾದ ಬಳಿ ಕಾರು ನಿಲ್ಲಿಸಿ ಮಗ್ರಿಬ್ ನಿರ್ವಹಿಸಿದೆವು. ಕತ್ತಲು ದಟ್ಟವಾಗುತ್ತಿದ್ದಂತೆ ಕಂಡ ಆಕಾಶವನ್ನು ವರ್ಣಿಸಲು ನಮ್ಮ ಬಿ.ಎ. ಕನ್ನಡ ಸಾಲದು. ಚಂದ್ರನಿಲ್ಲದ ಆ ರಾತ್ರಿ ಕ್ಷೀರಪಥ ನೆತ್ತಿಯಿಂದ ದಕ್ಷಿಣದ ಧನು ರಾಶಿಯವರೆಗೆ ಇಳಿದಿತ್ತು. ನೆತ್ತಿಯ ಮೇಲೆ ವೇಗಾ, ಆಲ್ಟೈರ್, ದೆನೆಬ್. ಮೂರೂ ಅರಬಿ ಹೆಸರುಗಳಿಂದ ಬಂದವು. ಈಶಾನ್ಯದಲ್ಲಿ ಭಾವ ಒಂದು ಮಸುಕಾದ ಚುಕ್ಕೆಯನ್ನು ತೋರಿಸಿದರು. ಅದು ಆಂಡ್ರೊಮಿಡಾ, ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಇನ್ನೊಂದು ನಕ್ಷತ್ರಲೋಕ. 964ರ ಸುಮಾರಿಗೆ ಅಬ್ದುರ್ರಹ್ಮಾನ್ ಅಸ್ಸೂಫಿ ಎಂಬ ವಿದ್ವಾಂಸರು ತಮ್ಮ ನಕ್ಷತ್ರಗಳ ಗ್ರಂಥದಲ್ಲಿ ಅದನ್ನು ಒಂದು ಪುಟ್ಟ ಮೋಡವೆಂದು ದಾಖಲಿಸಿದ್ದಾರೆ. ಅದೇನೆಂದು ಅವರಿಗೆ ತಿಳಿದಿರಲಿಲ್ಲ. ಆದರೂ ಕಂಡದ್ದನ್ನು ಕಡೆಗಣಿಸದೆ ಬರೆದಿಟ್ಟರು.

ಈ ಹೆಸರುಗಳನ್ನು ನಾವು ವೇದಿಕೆಗಳಲ್ಲಿ ಎಷ್ಟು ಸಲ ಹೆಮ್ಮೆಯಿಂದ ಹೇಳಿಲ್ಲ! ಮುಸ್ಲಿಮರು ಜಗತ್ತಿಗೆ ಖಗೋಳ ವಿಜ್ಞಾನ ಕಲಿಸಿದರು ಎಂದು ಗಂಟಲು ಹರಿಯುವಂತೆ ಭಾಷಣ ಮಾಡಿದ್ದೇವೆ. ಹಾಗೆ ಭಾಷಣ ಮಾಡಿದ ಬಾಯಿಯೇ ಆ ಹುಡುಗನಿಗೆ ಕೂತ್ಕೋ ಎಂದಿತ್ತು. ಸಾವಿರ ವರ್ಷ ಹಿಂದಿನ ಅಸ್ಸೂಫಿಯವರು ನಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿದ್ದರೆ ಅವರಿಗೂ ಅದೇ ಗತಿಯಾಗುತ್ತಿತ್ತು.

ಆ ರಾತ್ರಿ ಕಾರಿನಲ್ಲಿ ಅಳಿಯ ನಿದ್ದೆಹೋದ. ನಮ್ಮ ಮನಸ್ಸಿನಲ್ಲಿ ಸೂರಃ ಅಬಸದ ಸಂದರ್ಭ ತಿರುಗುತ್ತಿತ್ತು. ಕುರೈಶರ ಮುಖಂಡರಿಗೆ ಸತ್ಯವನ್ನು ಮನಗಾಣಿಸುವ ಮಹತ್ವದ ಮಾತುಕತೆಯಲ್ಲಿ ಪ್ರವಾದಿ(ಸ)ರು ತೊಡಗಿದ್ದಾಗ, ಕಣ್ಣು ಕಾಣದ ಇಬ್ನ್ ಉಮ್ಮು ಮಕ್ತೂಮ್(ರ)ರು ಕಲಿಯುವ ಹಂಬಲದಿಂದ ಬಂದರು. ಅವರ ಕಡೆಗೆ ಗಮನ ಹರಿಯದ್ದಕ್ಕೆ ಅಲ್ಲಾಹನು ತನ್ನ ಪ್ರೀತಿಯ ಪ್ರವಾದಿಗೇ ಎಚ್ಚರಿಕೆಯ ಮಾತನ್ನು ಅವತೀರ್ಣಗೊಳಿಸಿದನು. ಮುಂದೆ ಅದೇ ಸಹಾಬಿಯನ್ನು ಪ್ರವಾದಿ(ಸ)ರು ಅಪಾರ ಗೌರವದಿಂದ ಕಂಡರು. ಮದೀನಾದಲ್ಲಿ ಅಝಾನ್ ಕರೆಯುವ ಹೊಣೆಯೂ ಅವರಿಗೆ ದೊರೆಯಿತು. ಸತ್ತವರನ್ನು ಹೇಗೆ ಎಬ್ಬಿಸುವೆ ಎಂದು ಇಬ್ರಾಹೀಮ್(ಅ)ರು ಮನಸ್ಸಿನ ಸಮಾಧಾನಕ್ಕಾಗಿ ಕೇಳಿದಾಗ ಅಲ್ಲಾಹನು ಅವರನ್ನು ಸುಮ್ಮನಾಗಿಸಲಿಲ್ಲ, ಹಕ್ಕಿಗಳ ಮೂಲಕ ತೋರಿಸಿಕೊಟ್ಟನು. ಇವನ್ನೆಲ್ಲ ನಾವು ವರ್ಷ ವರ್ಷವೂ ಪಾಠ ಮಾಡಿದವರು. ಪಾಠ ನಮ್ಮ ನಾಲಿಗೆಯ ಮೇಲಿತ್ತು, ಕಿವಿಗೆ ಇಳಿದಿರಲಿಲ್ಲ.

ಊರಿಗೆ ಮರಳಿದ ಮೇಲೆ ಮೊದಲು ಮಾಡಿದ ಕೆಲಸ ತಫ್ಸೀರ್ ಗ್ರಂಥಗಳನ್ನು ತೆರೆದದ್ದು. ಉತ್ತರ ಅಲ್ಲೇ ಇತ್ತು, ನಮ್ಮ ಕಪಾಟಿನಲ್ಲೇ. ಹತ್ತಿರದ ಆಕಾಶವನ್ನು ದೀಪಗಳಿಂದ ಅಲಂಕರಿಸಿರುವುದಾಗಿ ಅಲ್ಲಾಹನು ಹೇಳಿರುವುದರಿಂದ, ಕಣ್ಣಿಗೆ ಕಾಣುವ ನಕ್ಷತ್ರಗಳೆಲ್ಲ ಮೊದಲನೆಯ ಆಕಾಶದ ವ್ಯಾಪ್ತಿಗೆ ಸೇರಿದವು ಎಂದು ಹಲವು ವ್ಯಾಖ್ಯಾನಕಾರರು ತಿಳಿದಿದ್ದಾರೆ. ಹುಡುಕಲು ಬೇಕಾದದ್ದು ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ನಾವು ಹತ್ತು ವರ್ಷ ತಡವಾಗಿ ಕೊಟ್ಟಿದ್ದೆವು.

ಹುಡುಗ ಈಗ ತಾಲೂಕು ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಒಂದು ಮಧ್ಯಾಹ್ನ ಅಲ್ಲಿಗೆ ಹೋದೆವು. ಸಲಾಂ ಹೇಳಿ, ಕುರ್ಚಿ ಒರೆಸಿ ಕೊಟ್ಟು, “ಫೋನಿಗೆ ಏನಾಗಿದೆ ಉಸ್ತಾದ್?” ಎಂದ. ಫೋನಿಗೆ ಏನೂ ಆಗಿರಲಿಲ್ಲ. ಬಂದ ಕಾರಣವನ್ನು ಹೇಳಲು ಸ್ವಲ್ಪ ಹೊತ್ತು ಬೇಕಾಯಿತು. ಕ್ಷಮಿಸೆಂದು ಕೇಳಿದೆವು. ಅವನು ಕೈಯಲ್ಲಿದ್ದ ಸಣ್ಣ ತಿರುಪುಳಿಯನ್ನು ಮೇಜಿನ ಮೇಲಿಟ್ಟು ಸುಮ್ಮನಿದ್ದ. ಆಮೇಲೆ, “ಏನು ಕೇಳಿದ್ದೆ ಅಂತ ನೆನಪಿಲ್ಲ ಉಸ್ತಾದ್. ಎಲ್ಲರೂ ನಕ್ಕಿದ್ದು ನೆನಪಿದೆ. ನಾನು ಕುಚೋದ್ಯಕ್ಕೆ ಕೇಳಿದ್ದಲ್ಲ” ಎಂದ.

“ಗೊತ್ತು” ಎಂದೆವು. ಬೇರೆ ಮಾತು ಹೊರಡಲಿಲ್ಲ.

ಚಹಾ ತರಿಸಿದ. ನಾವು ಅವನ ಪ್ರಶ್ನೆಯನ್ನು ಅವನಿಗೇ ನೆನಪಿಸಿ, ಗ್ರಂಥಗಳಲ್ಲಿ ಓದಿದ್ದನ್ನೂ ಮರುಭೂಮಿಯಲ್ಲಿ ಕಂಡದ್ದನ್ನೂ ಹೇಳಿದೆವು. 26,000 ವರ್ಷ ನಡೆದು ಬರುವ ಅಲೆಗಳ ಮಾತು ಬಂದಾಗ ಅವನ ಮುಖದಲ್ಲಿ ಆ ಹತ್ತು ವರ್ಷದ ಹುಡುಗ ಒಮ್ಮೆ ಇಣುಕಿದ. ಎಲ್ಲವನ್ನೂ ಕೇಳಿದ ಮೇಲೆ ನಗುತ್ತ, “ಹಾಗಾದರೆ ರಾಕೆಟ್ ಇನ್ನೂ ಅಂಗಳದಲ್ಲೇ ಇದೆ, ಅಲ್ವಾ ಉಸ್ತಾದ್?” ಎಂದ. ಮಿಅರಾಜಿನ ಹಿರಿಮೆಯನ್ನು ವಿವರಿಸಲು ನಮಗೆ ಅಂದು ಒಂದು ಗಂಟೆ ಹಿಡಿದಿತ್ತು. ಅವನು ಅದನ್ನು ಒಂದೇ ವಾಕ್ಯದಲ್ಲಿ ಹೇಳಿದ್ದ.

ಅವನು ಈಗ ಐದು ಹೊತ್ತೂ ಮಸೀದಿಗೆ ಬರುತ್ತಾನೆ ಎಂದು ಬರೆದು ಈ ಲೇಖನವನ್ನು ಮುಗಿಸುವ ಆಸೆ ನಮಗಿದೆ. ಆದರೆ ಅದು ನಿಜವಲ್ಲ. ಜುಮಾಕ್ಕೆ ಕೆಲವೊಮ್ಮೆ ಕಾಣುತ್ತಾನೆ, ಕಂಡರೆ ನಗುತ್ತಾನೆ. ಕಳೆದುಹೋದ ಹತ್ತು ವರ್ಷವನ್ನು ಒಂದು ಲೋಟ ಚಹಾ ತುಂಬಿಕೊಡುವುದಿಲ್ಲ. ಉಳಿದದ್ದು ಅಲ್ಲಾಹನ ಮತ್ತು ಅವನ ನಡುವಿನ ವಿಷಯ.

ನಮ್ಮ ತರಗತಿಯಲ್ಲಿ ಮಾತ್ರ ಒಂದು ಬದಲಾವಣೆಯಾಗಿದೆ. ಪಾಠ ಮುಗಿಯುವ ಮುನ್ನ ಹತ್ತು ನಿಮಿಷ ಪ್ರಶ್ನೆಗಳಿಗೆ ಮೀಸಲು. ನಗುವವರು ಹೊರಗೆ ನಿಲ್ಲಬೇಕು. ತಿಳಿಯದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇವೆ. ಎಲ್ಲ ಪ್ರಶ್ನೆಗಳೂ ಪ್ರಾಮಾಣಿಕವಾಗಿರುತ್ತವೆ ಎಂದಲ್ಲ, ಕೆಲವು ನಿಜಕ್ಕೂ ತಂಟೆಯವೇ. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕಕ್ಕೆ ವರ್ಷಗಟ್ಟಲೆ ಸಿಗುತ್ತಿದ್ದ ವಿಚಿತ್ರ ಸಂಕೇತಗಳು, ಅಲ್ಲಿನವರೇ ಬಳಸುತ್ತಿದ್ದ ಮೈಕ್ರೋವೇವ್ ಒಲೆಯ ಬಾಗಿಲನ್ನು ಅದು ನಿಲ್ಲುವ ಮೊದಲೇ ತೆಗೆದದ್ದರಿಂದ ಬಂದವೆಂದು 2015ರಲ್ಲಿ ಗೊತ್ತಾಯಿತು. ಆದರೆ ಅದು ಒಲೆಯದೆಂದು ತಿಳಿದದ್ದೂ ಕಿವಿಗೊಟ್ಟು ಪರಿಶೀಲಿಸಿದ್ದರಿಂದಲೇ. ಕೇಳುವ ಮೊದಲೇ ತೀರ್ಪು ಕೊಟ್ಟರೆ ಗದ್ದಲ ಯಾವುದು, ಸಂದೇಶ ಯಾವುದು ಎಂದು ಎಂದಿಗೂ ತಿಳಿಯದು.

ನಮ್ಮದೇ ರಾಜ್ಯದ ಗೌರಿಬಿದನೂರಿನ ಬಳಿ 1970ರ ದಶಕದಿಂದ ರೇಡಿಯೋ ವೀಕ್ಷಣಾಲಯವಿದೆ ಎಂಬುದು ಕಡಲಾಚೆ ಹೋಗಿ ಬಂದ ಮೇಲೆ ನಮಗೆ ತಿಳಿಯಿತು. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಲು ಸಾಧ್ಯವೇ ಎಂದು ವಿಚಾರಿಸಬೇಕೆಂದಿದ್ದೇವೆ, ಇನ್‌ಶಾ ಅಲ್ಲಾಹ್.

ಪ್ರಿಯ ತಂದೆತಾಯಂದಿರೇ, ಸಹೋದ್ಯೋಗಿ ಉಸ್ತಾದರೇ, ಇಂದು ಮನೆಯಲ್ಲೋ ಮದರಸದಲ್ಲೋ ಒಂದು ಮಗು ನಿಮ್ಮನ್ನು ಏನಾದರೂ ಕೇಳುತ್ತದೆ. ಕೈಯಲ್ಲಿರುವ ಮೊಬೈಲನ್ನು ಪಕ್ಕಕ್ಕಿಟ್ಟು ಆ ಮಗುವಿನ ಕಡೆಗೆ ತಿರುಗಿರಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿರಿ. ಹುಡುಕಿ ಹೇಳುತ್ತೇವೆ ಎನ್ನಿರಿ, ಹುಡುಕಿರಿ. ಎಲ್ಲರ ಪಿಸುಮಾತನ್ನೂ ಆಲಿಸುವ ಅಲ್ಲಾಹನು, ಚಿಕ್ಕವರ ದನಿಗೆ ಕಿವಿಗೊಡುವ ಸಹನೆಯನ್ನು ನಮಗೆ ಅನುಗ್ರಹಿಸಲಿ. ನಾವು ಸುಮ್ಮನಾಗಿಸಿದ ಮಕ್ಕಳ ಹೃದಯಗಳನ್ನು ಅವನು ತನ್ನ ಕರುಣೆಯಿಂದ ಮತ್ತೆ ತೆರೆಯಲಿ. ಆಮೀನ್.